ಮೇಲಿನ ಮನೆಯಲ್ಲಿ ಅಮೆರಿಕದ ಸಂವಿಧಾನ

ಬೆಳ್ಳುಳ್ಳಿ ಸುಲಿಯುತ್ತಿದ್ದ ಮೇಲಿನ ಮನೆಯಾಕೆಯ ಕೈ, ಕೇಳಿದ್ದು ಅರ್ಥವಾಗದಿದ್ದರೆ ಅಲ್ಲೇ ನಿಂತುಬಿಡುತ್ತಿತ್ತು. ಅರ್ಧ ಸುಲಿದ ಎಸಳು ಬೆರಳುಗಳ ನಡುವೆ, ಹೆಬ್ಬೆರಳಿನ ಉಗುರು ಸಿಪ್ಪೆಯ ಕೆಳಗೆ, ಬಾಯಿ ತುಸು ತೆರೆದು. ಅರ್ಥವಾಯಿತೋ, ಕೈ ಮತ್ತೆ ಓಡುತ್ತಿತ್ತು. ನನ್ನ ಮಗಳು ಅಮೆರಿಕದ ಸಂವಿಧಾನ ಕಲಿತದ್ದು ಆ ಕೈ ನೋಡಿಕೊಂಡು. ಇದನ್ನು ಹೇಳುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ದೋಹಾದ ಅಲ್ ಅಜೀಜಿಯಾದಲ್ಲಿ ಭಾಗ ಮಾಡಿ ಬಾಡಿಗೆಗೆ ಕೊಟ್ಟ ಒಂದು ವಿಲ್ಲಾದ ಕೆಳಗಿನ ಮನೆ ನಮ್ಮದು. ಮೇಲಿನ ಮನೆಯಲ್ಲಿ ಮಂಗಳೂರು ಕಡೆಯ ಬ್ಯಾರಿ ದಂಪತಿ. ಗಂಡನಿಗೆ ಹಮದ್ ಬಂದರಿನಲ್ಲಿ ಕೆಲಸ, ಮಕ್ಕಳಿರಲಿಲ್ಲ. ಆಕೆ ಓದಿದ್ದು ಏಳನೇ ಕ್ಲಾಸು, ಅದೂ ಕನ್ನಡ ಶಾಲೆಯಲ್ಲಿ. ನಾನೋ, ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮಾಡಿ ಇಲ್ಲಿ ಆಫೀಸೊಂದರಲ್ಲಿ ಕುಳಿತವಳು. ಮಗಳು ಅಮೆರಿಕನ್ ಸಿಲಬಸ್ಸಿನ ಶಾಲೆಯಲ್ಲಿ ಕೊನೆಯ ವರ್ಷ. ಅಮೆರಿಕದ ಸರ್ಕಾರದ ಬಗೆಗಿನ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ದೋಹಾದಲ್ಲೇ ಕಾಲೇಜು; ಬಾರದಿದ್ದರೆ ಇಂಡಿಯಾಕ್ಕೆ ಕಳಿಸಿ ಹಾಸ್ಟೆಲಿಗೆ ಹಾಕಬೇಕು. ಇರುವವಳು ಒಬ್ಬಳೇ ಮಗಳು. ಕಳಿಸಿ ನಾನು ಹೇಗಿರಲಿ?

ಎರಡು ಗಂಟೆಗೆ ಶಾಲೆಯಿಂದ ಬಂದವಳು ಸೀದಾ ಮೇಲೆ ಹೋಗುತ್ತಿದ್ದಳು. ನಾನು ಆಫೀಸು ಮುಗಿಸಿ ಬರುವಷ್ಟರಲ್ಲಿ ಅಧ್ಯಕ್ಷ, ಕಾಂಗ್ರೆಸ್ಸು, ಕೋರ್ಟು ಎಲ್ಲ ಅಲ್ಲೇ ಖಲಾಸ್. ಆಕೆಗೆ ಇಂಗ್ಲಿಷ್ ಬಾರದು. ಹಾಗಾಗಿ ಇವಳು ತನ್ನ ಹರಕುಮುರುಕು ಕನ್ನಡದಲ್ಲೇ ಎಲ್ಲವನ್ನೂ ವಿವರಿಸಬೇಕು. ಒಂದು ಸಂಜೆ ಕರೆಯಲು ಹೋದವಳು ಬಾಗಿಲಲ್ಲೇ ನಿಂತೆ. ಕಾಂಗ್ರೆಸ್ಸು ಮಾಡಿದ ಕಾನೂನು ಸಂವಿಧಾನಕ್ಕೆ ವಿರುದ್ಧವಾಗಿದ್ದರೆ ಕೋರ್ಟು ಅದನ್ನು ರದ್ದು ಮಾಡಬಹುದು, ಅಧ್ಯಕ್ಷನ ಆಜ್ಞೆಯನ್ನೂ ಮಾಡಬಹುದು ಎಂದು ಇವಳು ಹೇಳುತ್ತಿದ್ದಳು. ಆಕೆಯ ಕೈ ನಿಂತಿತು.

“ಕೋರ್ಟಿನವರನ್ನು ಕೂರಿಸುದು ಯಾರು?”

“ಅಧ್ಯಕ್ಷ, ಆಂಟಿ. ಸೆನೆಟ್ ಒಪ್ಪಬೇಕು.”

“ಕೂರಿಸಿದವನಿಗೆ ಎಬ್ಬಿಸ್ಲಿಕ್ಕೆ ಆಗುದಿಲ್ವಾ? ಹಾಗಾದ್ರೆ ಅವನಿಗೆ ವಿರುದ್ಧ ಹೇಳುವ ಧೈರ್ಯ ಅವರಿಗೆ ಎಲ್ಲಿಂದ ಬರ್ತದೆ?”

ಮಗಳು ತಡವರಿಸಿದಳು, ಪುಸ್ತಕ ತಿರುವಿದಳು, ಕೊನೆಗೆ ತಾನೇ ದಾರಿ ಹುಡುಕಿಕೊಂಡಳು. ಅಧ್ಯಕ್ಷ ಅವರನ್ನು ತೆಗೆಯುವಂತಿಲ್ಲ, ನೇಮಕ ಜೀವನಪೂರ್ತಿ, ಧೈರ್ಯ ಬರಲಿ ಅಂತಲೇ ಹಾಗೆ ಮಾಡಿದ್ದು ಎಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಆ ಮುಖವನ್ನು ಅವಳು ನನ್ನೆದುರು ಯಾವತ್ತೂ ತೋರಿಸಿರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ! ಎಂ.ಎ. ಮಾಡಿದ ತಾಯಿ ಬಾಗಿಲಲ್ಲಿ, ಏಳನೇ ಕ್ಲಾಸಿನವರ ಮುಂದೆ ಮಗಳು. ನನ್ನ ಮೈಯೆಲ್ಲ ಉರಿದುಹೋಯಿತು.

ಪರೀಕ್ಷೆಗೆ ಎರಡು ವಾರವಿದ್ದಾಗ, ಇನ್ನು ಮೇಲಿನ ಮನೆಗೆ ಹೋಗಕೂಡದು ಎಂದು ಮಗಳಿಗೆ ಹೇಳಿಬಿಟ್ಟೆ. ಆಕೆ ಮೆಟ್ಟಿಲಲ್ಲಿ ಸಿಕ್ಕಾಗ, ನಿಮಗೇಕೆ ತೊಂದರೆ, ನಾನೇ ಓದಿಸುತ್ತೇನೆ ಎಂದು ಹಲ್ಲು ಕಿರಿದೆ. ಆಯ್ತು, ಚೆನ್ನಾಗಿ ಓದ್ಲಿ ಎಂದರು, ಅಷ್ಟೆ. ನಾನು ಒಂದು ವಾರ ರಜೆ ಹಾಕಿ ಕುಳಿತೆ. ಎಷ್ಟು ಚೆನ್ನಾಗಿ ಪಾಠ ಮಾಡಿದೆ ಅಂತೀರಿ! ಅವಳು ಒಂದು ವಾಕ್ಯ ಶುರು ಮಾಡಿದರೆ ನಾನು ಮುಗಿಸುತ್ತಿದ್ದೆ. ನಮ್ಮ ಸಂವಿಧಾನದಲ್ಲಿ ಹೀಗೆ, ಅವರದರಲ್ಲಿ ಹಾಗೆ ಎಂದು ಹೋಲಿಸುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು.

ವಾರದ ಕೊನೆಯಲ್ಲಿ ಅಭ್ಯಾಸದ ಪ್ರಶ್ನೆಪತ್ರಿಕೆ ಬರೆಸಿದರೆ ಅಂಕ ಮೊದಲಿಗಿಂತ ಕೆಳಗೆ. ಕೋರ್ಟಿನ ಪ್ರಶ್ನೆಗೆ ಎರಡು ಸಾಲು ಬರೆದು ಬಿಟ್ಟಿದ್ದಳು. ಇಷ್ಟು ಹೇಳಿಕೊಟ್ಟರೂ ತಲೆಗೆ ಹೋಗಲಿಲ್ಲವೇ ಎಂದು ಕೂಗಾಡಿದೆ. ಅವಳು ಅಳಲಿಲ್ಲ.

“ಅಮ್ಮಾ, ನಿಂಗೆ ಎಲ್ಲಾ ಗೊತ್ತು. ನಂಗೆ ಹೇಳೋಕೆ ಏನೂ ಉಳಿಯಲ್ಲ” ಎಂದಳು.

ಮಾರನೆಯ ದಿನ ಮೆಟ್ಟಿಲು ಹತ್ತಿದೆ. ಕ್ಷಮೆ ಕೇಳಬೇಕೆಂದು ಹೋದ ಬಾಯಿಂದ ಬಂದದ್ದು ದೂರು: ಅದೇನು ಮಾಡಿದ್ದೀರಿ ನೀವು, ನನ್ನ ಹತ್ತಿರ ಓದುವುದೇ ಇಲ್ಲವಲ್ಲ. ಆಕೆ ನನ್ನನ್ನು ಕೂರಿಸಿ ಸುಲೈಮಾನಿ ಚಹಾ ಕೊಟ್ಟರು.

“ತಪ್ಪು ತಿಳೀಬೇಡಿ. ನಾನು ಎಂಥ ಮಾಡ್ಲಿಕ್ಕೆ ಉಂಟು? ನಂಗೆ ಗೊತ್ತಿಲ್ಲ, ಅದಕ್ಕೆ ಕೇಳ್ತೇನೆ. ಕಳ್ಸಿ ಅವಳನ್ನು, ಆ ಕೋರ್ಟಿನದ್ದು ನಂಗೆ ಪೂರ್ತಿ ಅರ್ಥ ಆಗ್ಲೇ ಇಲ್ಲ.”

ಕಳಿಸಿದೆ. ಅಂಕ ಬಂತು, ದೋಹಾದಲ್ಲೇ ಸೀಟೂ ಸಿಕ್ಕಿತು. ಫಲಿತಾಂಶ ನೋಡಿದವಳು ಮೊದಲು ಓಡಿದ್ದು ಮೇಲಕ್ಕೆ. ನಾನು ಅಡುಗೆಮನೆಯಲ್ಲಿ ಪಾಯಸಕ್ಕೆ ಇಟ್ಟ ಹಾಲನ್ನು ತಿರುವುತ್ತಾ ನಿಂತಿದ್ದೆ.

ಕಳೆದ ವರ್ಷ ಆಕೆ ರಜೆಗೆಂದು ಊರಿಗೆ ಹೋದವರು ಮರಳಲಿಲ್ಲ. ತವರಿನಲ್ಲಿ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಮಗಳು ಎರಡು ದಿನ ಅನ್ನ ಮುಟ್ಟದೆ ಅತ್ತಳು. ನಾನು ಸತ್ತರೂ ಇವಳು ಇಷ್ಟು ಅಳುತ್ತಾಳೋ ಎಂಬ ಯೋಚನೆ ಬಂತು ನನಗೆ. ಥೂ, ಸತ್ತವರ ಮೇಲೂ ಮತ್ಸರವೇ ಎಂದು ನನ್ನನ್ನು ನಾನೇ ಬೈದುಕೊಂಡೆ.

ಮೂರನೆಯ ದಿನ ಅವಳ ಪಕ್ಕ ಕುಳಿತು, ಆಂಟಿಯ ಬಗ್ಗೆ ಹೇಳು ಎಂದೆ. ಅವಳು ತುಂಬ ಹೊತ್ತು ಹೇಳಿದಳು, ನಾನು ನಡುವೆ ಬಾಯಿ ಹಾಕಲಿಲ್ಲ. ದಿನಾ ಪುಸ್ತಕ ಎತ್ತಿಕೊಂಡು ಹೊರಡುವಾಗ ಆಕೆ ಒಂದೇ ಮಾತು ಹೇಳುತ್ತಿದ್ದರಂತೆ: “ಈಗ ಕೆಳಗೆ ಹೋಗಿ ಇದನ್ನೇ ಅಮ್ಮನಿಗೆ ಹೇಳು. ಅವರು ಓದಿದವರು. ತಪ್ಪಿದ್ರೆ ಅವರಿಗೆ ಗೊತ್ತಾಗ್ತದೆ, ಸರಿ ಇದ್ರೆ ಖುಷಿ ಆಗ್ತದೆ.”

ಅಷ್ಟು ದಿನಗಳಲ್ಲಿ ಮಗಳು ಒಮ್ಮೆಯೂ ಬಂದು ಹೇಳಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ.