ಪ್ನಿನಾ ಬರೆದ ಪ್ರಬಂಧ

ನಮ್ಮ ಮೇಲಿನ ಮನೆಯ ಪ್ನಿನಾ ನಲವತ್ತರ ಹೊತ್ತಿಗೆ ಜೆರುಸಲೇಮಿನ ವಿಶ್ವವಿದ್ಯಾಲಯದಲ್ಲಿ ನಮ್ಮ ಯೆಹೂದಿ ಧರ್ಮಶಾಸ್ತ್ರ ತಾಲ್ಮೂದ್ ಓದಲು ಸೇರಿದಾಗ ಬೀದಿಯೆಲ್ಲ ನಕ್ಕಿತು. ಬೆಳಿಗ್ಗೆ ಶಿಶುವಿಹಾರದಲ್ಲಿ ಮಕ್ಕಳ ಮೂಗು ಒರೆಸುವುದು, ಮಧ್ಯಾಹ್ನ ಎಂದೋ ಸತ್ತ ಗಡ್ಡದವರ ಧರ್ಮಜಗಳ ಓದುವುದು. ಕಟುಕ ಓವಾದ್ಯಾ ಕೋಳಿ ಕತ್ತರಿಸುತ್ತಾ, "ಏನ್ ರಬ್ಬಿ ಅಮ್ಮಾ, ಗಡ್ಡ ಯಾವಾಗ ಬರುತ್ತೆ?" ಎಂದು ಕೇಳುತ್ತಿದ್ದ. "ನಿನ್ ಬೋಳುತಲೇಲಿ ಕೂದಲು ಬಂದ್ಮೇಲೆ" ಎನ್ನುತ್ತಿದ್ದಳು.

ಅವಳಿಗೆ ಬೇಕಾಗಿದ್ದು ಪಾಂಡಿತ್ಯವಲ್ಲ, ಬಿಡುಗಡೆ. ಗಂಡ ಅಮ್ರಾಮ್ ಬೇರೊಬ್ಬಳ ಜೊತೆ ಸಂಸಾರ ಹೂಡಿ ವರ್ಷಗಳಾಗಿದ್ದವು. ಇವಳಿಗೆ ಮಾತ್ರ ವಿಚ್ಛೇದನದ ಪತ್ರ ಕೊಡುತ್ತಿರಲಿಲ್ಲ. ನಮ್ಮಲ್ಲಿ ಗಂಡ ಮನಸಾರೆ, ತನ್ನ ಕೈಯಾರೆ ಕೊಟ್ಟರೇನೇ ಅದು ಪತ್ರ. ಅಲ್ಲಿಯವರೆಗೆ ಹೆಂಡತಿ ಇನ್ನೊಬ್ಬನಿಂದ ಮಗು ಹೆತ್ತರೆ ಆ ಮಗುವಿಗೆ ಜನ್ಮಪೂರ್ತಿ ಕಳಂಕ. ಪ್ನಿನಾಗೆ ಮಗು ಬೇಕಿತ್ತು, ವಯಸ್ಸು ಕಾಯುತ್ತಿರಲಿಲ್ಲ. ಧರ್ಮ ನ್ಯಾಯಾಲಯದಲ್ಲಿ ಒಮ್ಮೆ ಬಾಯಿ ತೆರೆದದ್ದಕ್ಕೆ, "ಇದೆಲ್ಲ ನಿಂಗೆ ಅರ್ಥ ಆಗಲ್ಲಮ್ಮ, ಕೂತ್ಕೋ" ಎಂದು ನ್ಯಾಯಾಧೀಶರು ಗದರಿದ್ದರಂತೆ. ಆ ಹಟಕ್ಕೇ ಕಾಲೇಜು ಸೇರಿದ್ದು.

ಪದವಿಗೆಂದು ಅವಳು ಬರೆದ ಪ್ರಬಂಧ ವಿಭಾಗದ ಪತ್ರಿಕೆಯಲ್ಲಿ ಅಚ್ಚಾಯಿತು. ಬಲವಂತದ ವಿಚ್ಛೇದನ ಏಕೆ ಸಲ್ಲದು ಎಂಬುದು ವಿಷಯ. ಹೊಡೆತ ಬಡಿತವಷ್ಟೇ ಅಲ್ಲ, ಗಂಡನ ಅನ್ನಕ್ಕೆ ಕಲ್ಲು ಹಾಕುತ್ತೇವೆಂದು ಹೆದರಿಸಿದರೂ ಅದು ಬಲವಂತವೇ ಎಂದು ಸಾಧಿಸಿದ್ದಳು. "ನಿನ್ ಕುತ್ತಿಗೆಗೆ ನೀನೇ ಯಾಕೆ ಹಗ್ಗ ಹೊಸೀತೀಯೇ?" ಎಂದು ಬೈದೆ.

"ಅಕ್ಕಾ, ಸರಿ ಇರೋದನ್ನ ಸರಿ ಅಂತ ಬರೀಬೇಕಲ್ವಾ?" ಎಂದಳು. ಆ ಪ್ರಾಮಾಣಿಕತೆ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವಳ ತಮ್ಮ ಶಿಮೋನನಿಗೆ ಪ್ರಬಂಧ ಗಿಬಂಧ ಗೊತ್ತಿಲ್ಲ. ಅಮ್ರಾಮ್ ಓಡಿಸುತ್ತಿದ್ದ ಲಾರಿಯ ಯಜಮಾನ ಶಿಮೋನನ ಗೆಳೆಯ. ಇಬ್ಬರೂ ಸೇರಿ ಅಮ್ರಾಮನನ್ನು ಕೂರಿಸಿಕೊಂಡು, "ಪತ್ರ ಕೊಡು, ಇಲ್ಲಾಂದ್ರೆ ಲಾರಿ ಕೀ ಇಟ್ಟು ನಡಿ" ಎಂದರು. ಅವನು ತಕ್ಷಣ ಒಪ್ಪಿದ. ಪ್ನಿನಾಗೆ ಮಾತ್ರ ಅವನ ಮನಸ್ಸು ಕರಗಿತೆಂದು ಹೇಳಿದರು. ಪಾಪ, ನಂಬಿದಳು.

ನ್ಯಾಯಾಲಯಕ್ಕೆ ನಾನೂ ಜೊತೆಗೆ ಹೋದೆ. ಲಿಪಿಕಾರ ಹಕ್ಕಿಗರಿಯ ಲೇಖನಿಯಲ್ಲಿ ಪತ್ರ ಬರೆದ, ಸಾಕ್ಷಿಗಳು ಸಹಿ ಹಾಕಿದರು. ಪ್ನಿನಾ ಉಂಗುರ ಕಳಚಿಟ್ಟು, ಪತ್ರ ಹಿಡಿಯಲು ಬೊಗಸೆ ಒಡ್ಡಿ ನಿಂತಳು.

"ಸ್ವಂತ ಇಷ್ಟದಿಂದ ಕೊಡ್ತಿದೀಯೇನಪ್ಪಾ?" ನ್ಯಾಯಾಧೀಶರು ಕೇಳಿದರು.

"ಇಲ್ಲ ಸ್ವಾಮಿ." ಅಮ್ರಾಮ್ ಲಾರಿಯ ವಿಷಯವನ್ನೆಲ್ಲ ಹೇಳಿ, ಕೋಟಿನಿಂದ ಆ ಪತ್ರಿಕೆ ತೆಗೆದು ಮೇಜಿನ ಮೇಲಿಟ್ಟ. "ಇದು ಬಲವಂತಾನೇ ಅಂತ ನಮ್ಮನೆಯವಳೇ ಬರ್ದಿದಾಳೆ, ನೋಡಿ."

ನ್ಯಾಯಾಧೀಶರು ಸಾವಧಾನವಾಗಿ ಓದಿದರು. "ಚೆನ್ನಾಗಿ ಬರ್ದಿದೀಯಮ್ಮ. ಇದು ಸರೀನಾ, ತಪ್ಪಾ?"

ಪ್ನಿನಾ ಪತ್ರಿಕೆಯ ಕಡೆ ನೋಡಿದಳು. ಹೇಳೇ, ತಪ್ಪು ಅನ್ನೇ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ.

"ತಪ್ಪು," ಎಂದಳು. "ನಾನು ಬರ್ದಿದ್ದು ತಪ್ಪು."

ಅವರು ನಕ್ಕರು. "ಬೇಕಾದಾಗ ಸರಿ, ಬೇಡವಾದಾಗ ತಪ್ಪು. ಅದಕ್ಕೇ ಹೆಂಗಸರಿಗೆ ಈ ಓದು ಬೇಡ ಅನ್ನೋದು. ನೀನು ಬರ್ದಿರೋದು ಸರಿಯಾಗೇ ಇದೆ ತಾಯಿ." ಲಿಪಿಕಾರನಿಗೆ ಸನ್ನೆ ಮಾಡಿದರು. ಅವನು ಪತ್ರ ಹರಿದ. ಅವಳ ಬೊಗಸೆ ಇನ್ನೂ ಹಾಗೇ ಇತ್ತು. ನಾನೇ ಹೋಗಿ ಕೈ ಇಳಿಸಿದೆ.

ಹೊರಗೆ ಮೆಟ್ಟಿಲ ಹತ್ತಿರ ಅಮ್ರಾಮ್ ಸಿಗರೇಟು ಹಚ್ಚುತ್ತಿದ್ದ. "ಓದು ನಿಲ್ಲಿಸ್ಬೇಡ ಪ್ನಿನಾ," ಎಂದ. "ಮುಂದಕ್ಕೂ ಓದು. ಬೇಕಾದ್ರೆ ಫೀಸು ನಾನೇ ಕಟ್ತೀನಿ."