ಅತ್ತಿಗೆಯ ತೋರುಬೆರಳು

ಅತ್ತಿಗೆಯ ಬಲಗೈ ತೋರುಬೆರಳಿನ ತುದಿ ಸ್ವಲ್ಪ ಒಳಕ್ಕೆ ಬಾಗಿತ್ತು. ಚಿಕ್ಕಂದಿನಲ್ಲಿ ತಾಯಿಯ ಜೊತೆ ಮೀನು ಕೊಯ್ಯುವಾಗ ಕತ್ತಿ ತಾಗಿದ್ದಂತೆ. ಆ ಬೆರಳನ್ನು ಅಚ್ಚಾದ ಸಾಲಿನ ಅಡಿಗಿಟ್ಟು, ಒಂದೊಂದೇ ಪದಕ್ಕೆ ಸರಿಸುತ್ತ ಓದುತ್ತಿದ್ದರು. ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಪ್ರೂಫ್ ನೋಡಿದವರ ಅಭ್ಯಾಸ ಅದು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಒಂದನೇ ಕ್ಲಾಸಿನ ಮಕ್ಕಳು ಹಾಗೆ ಓದುತ್ತಾರೆ ಎಂದು ಅಣ್ಣನ ಹತ್ತಿರ ಒಮ್ಮೆ ಹೇಳಿಯೂ ಇದ್ದೆ.

ನಾನು ಕಾರ್ಕಳದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರ್. ಮೀನುಗಾರರ ನಮ್ಮ ಕುಟುಂಬದಲ್ಲಿ ಮೊದಲ ಎಂ.ಎ. ಅತ್ತಿಗೆ ಓದಿದ್ದು ಪಿಯುಸಿ. ನನ್ನ ಮಗಳು ಬ್ಯಾಂಕ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಎರಡು ಸಲವೂ ಇಂಗ್ಲಿಷಿನಲ್ಲೇ, ಒಂದು ಪುಟ ಓದಿ ಉತ್ತರ ಆರಿಸುವ ಪ್ರಶ್ನೆಗಳಲ್ಲೇ ಎಡವಿದ್ದಳು. "ಇನ್ನು ಒಂದೇ ಸಲ ಬರೆಯುವುದು. ಆಗದಿದ್ರೆ ಬಿಟ್ಟೆ. ಕಾಪುವಿಗೆ ಮಾಮಿಯ ಹತ್ತಿರ ಕಲೀಲಿಕ್ಕೆ ಹೋಗ್ತೇನೆ," ಎಂದಳು. ಮಾಮಿ ಎಂದರೆ ಕಾಪುವಿನಲ್ಲಿದ್ದ ಇದೇ ಅತ್ತಿಗೆ. ಮನೆಯಲ್ಲೇ ಟೀಚರ್ ಇರುವಾಗ! ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ ನಾನು.

ಪ್ರೆಸ್ ಬಿಟ್ಟ ಮೇಲೆ ಅತ್ತಿಗೆ ಭಾನುವಾರ ಬೆಳಿಗ್ಗೆ ಮನೆಯ ಚಾವಡಿಯಲ್ಲಿ ಊರಿನ ಏಳೆಂಟು ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು. ಹಳೆಯ ಇಂಗ್ಲಿಷ್ ಪೇಪರಿನಿಂದ ಲೇಖನ ಕತ್ತರಿಸಿ, ಕೆಳಗೆ ಕೈಯಲ್ಲೇ ಪ್ರಶ್ನೆ ಬರೆಯುವುದು. ಮೊದಲು ಪ್ರಶ್ನೆ ಓದಬೇಕು, ಆಮೇಲೆ ಲೇಖನ. ಆಯ್ಕೆಗಳನ್ನು ಅಂಗೈಯಲ್ಲಿ ಮುಚ್ಚಿ, ಉತ್ತರವನ್ನು ಮೊದಲು ತಮ್ಮ ಮಾತಿನಲ್ಲೇ ಹೇಳಬೇಕು. 'ನಾಟ್', 'ಎಕ್ಸೆಪ್ಟ್' ಕಂಡಲ್ಲಿ ಸುತ್ತು ಹಾಕಬೇಕು. 'ಆಲ್ವೇಸ್', 'ಓನ್ಲಿ' ಎಂದಿರುವ ಉತ್ತರವನ್ನು ಎರಡು ಸಲ ಅನುಮಾನಿಸಬೇಕು. ಯಾರು ಏನೇ ಉತ್ತರ ಹೇಳಲಿ, ಅವರದ್ದು ಒಂದೇ ಮಾತು: "ಬೆರಳು ಎಲ್ಲಿ?" ಉತ್ತರ ಇರುವ ಸಾಲಿನ ಮೇಲೆ ಬೆರಳಿಡಬೇಕು. ಇಡಲಿಕ್ಕೆ ಆಗದಿದ್ದರೆ ಆ ಉತ್ತರ ತಪ್ಪು.

ಒಂದು ಭಾನುವಾರ ಮಗಳನ್ನು ಕರೆದುಕೊಂಡು ಬರುವ ನೆಪದಲ್ಲಿ, ನಿಜವಾಗಿ ಅತ್ತಿಗೆಯ ಪಾಠದಲ್ಲಿ ಹುಳುಕು ಹುಡುಕಲಿಕ್ಕೆ, ನಾನೇ ಹೋದೆ. ಮಗಳು ಅತ್ತಿಗೆಗೆ ಒತ್ತಿಕೊಂಡು ಕೂತಿದ್ದಳು. ನನ್ನ ಪಕ್ಕ ಅವಳು ಹಾಗೆ ಕೂತು ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಿದೆ, ನೆನಪಾಗಲಿಲ್ಲ.

"ಬಂದಿಯಾ? ನೀನೂ ಒಮ್ಮೆ ನೋಡು," ಎಂದು ಅತ್ತಿಗೆ ಹಾಳೆಯೊಂದನ್ನು ಕೊಟ್ಟರು. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯದಿರುವ ಬಗ್ಗೆ ಲೇಖನ. ಲೇಖನದ ಪ್ರಕಾರ ಕಾರಣವೇನು ಎಂಬುದು ಪ್ರಶ್ನೆ. ಇದನ್ನೂ ಓದಬೇಕೇ ಎಂದುಕೊಂಡು, ಮೀನು ಮೊಟ್ಟೆ ಇಡುವ ಕಾಲ ಎಂಬುದಕ್ಕೆ ಗುರುತು ಹಾಕಿದೆ. ಕಾಪುವಿನ ಮಕ್ಕಳೆಲ್ಲ ಅದಕ್ಕೇ ಹಾಕಿದ್ದರು.

"ಬೆರಳು ಎಲ್ಲಿ?"

ನಾನು ಹುಡುಕಿದೆ. ಮೇಲಿನಿಂದ ಕೆಳಗೆ ಎರಡು ಸಲ ಹುಡುಕಿದೆ. ಕಡಲು ಜೋರು, ಗಾಳಿ ಜೋರು, ಬೋಟು ಮಗುಚುತ್ತದೆ ಎಂದಿತ್ತೇ ಹೊರತು ಮೊಟ್ಟೆಯ ಸುದ್ದಿಯೇ ಇರಲಿಲ್ಲ.

"ಮೊಟ್ಟೆ ಕಡಲಲ್ಲಿ ಉಂಟು ಮಾರಾಯ್ತಿ, ಈ ಹಾಳೆಯಲ್ಲಿ ಇಲ್ಲ," ಎಂದರು ಅತ್ತಿಗೆ. "ಘಟ್ಟದ ಮೇಲಿನ ಮಕ್ಕಳು ಇದರಲ್ಲಿ ಬೀಳುವುದಿಲ್ಲ. ನಮ್ಮವರೇ ಬೀಳುವುದು. ಗೊತ್ತುಂಟಲ್ಲ, ಹಾಗಾಗಿ."

ಸರಿ ಬರೆದದ್ದು ನನ್ನ ಮಗಳು ಒಬ್ಬಳೇ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಮೂರನೇ ಸಲ ಅವಳು ಪಾಸಾದಳು. ಈಗ ಉಡುಪಿಯ ಬ್ಯಾಂಕಿನಲ್ಲಿದ್ದಾಳೆ. ಮೊದಲ ಸ್ವೀಟ್ ಬಾಕ್ಸ್ ಹೋದದ್ದು ಕಾಪುವಿಗೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ "ಟೀಚರ ಮಗಳಲ್ವಾ, ಮನೆಯಲ್ಲೇ ಕಲಿಸಿದ್ರಾ?" ಎಂದು ಕೇಳಿದಾಗ ನಾನು, "ಮತ್ತೆ? ದಿನಾ ಕೂರಿಸಿ ಹೇಳಿಕೊಟ್ಟೆ," ಎಂದುಬಿಟ್ಟೆ. ಆ ಮಾತು ನನಗಿಂತ ಮೊದಲೇ ಬಸ್ಸು ಹತ್ತಿ ಕಾಪು ಮುಟ್ಟಿತು. ಅತ್ತಿಗೆ ಅದರ ಬಗ್ಗೆ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ.

ಅವರು ಕೇಳಿದ್ದು ಬೇರೆಯೇ ಒಂದು, ಕೊನೆಯ ಸಲ ಆಸ್ಪತ್ರೆ ಸೇರಿದಾಗ. ಮಧ್ಯಾಹ್ನ, ನಾವಿಬ್ಬರೇ ಇದ್ದೆವು.

"ಒಂದು ಕೇಳ್ತೇನೆ. ನನ್ನ ಮೇಲೆ ನಿನಗೆ ಹೊಟ್ಟೆಕಿಚ್ಚು ಉಂಟಾ?"

"ಎಂತ ಅತ್ತಿಗೆ ನೀವು! ಶಾಲೆಯ ಕೆಲಸದಲ್ಲಿ ನನಗೆ ಬರ್ಲಿಕ್ಕೆ ಪುರುಸೊತ್ತು ಆಗುವುದಿಲ್ಲ. ಮಗಳು ನಿಮ್ಮನ್ನು ಎಷ್ಟು ನೆನೆಸ್ತಾಳೆ..."

ಅತ್ತಿಗೆಯ ಬಾಗಿದ ಬೆರಳು ಹೊದಿಕೆಯ ಮೇಲೆ ಮೆಲ್ಲಗೆ ತಟ್ಟಿತು. "ಪುರುಸೊತ್ತು ಉಂಟಾ ಅಂತ ಕೇಳಿದ್ದಾ ನಾನು? ಕೇಳಿದ್ದಕ್ಕೆ ಹೇಳು."

"ಉಂಟು," ಎಂದೆ. ಕಣ್ಣು ತುಂಬಿತು. "ತುಂಬಾ ಉಂಟು. ಶಾಲೆಯಲ್ಲಿ ನಾನು..."

"ಉಂಟು ಅಂದ್ರೆ ಸಾಕು. ಅಷ್ಟೇ ಕೇಳಿದ್ದು," ಎಂದು ನಕ್ಕರು. ಆ ವಾರವೇ ಹೋಗಿಬಿಟ್ಟರು.

ಈಗ ನನ್ನ ಕ್ಲಾಸಿನಲ್ಲಿ ನಾನೂ "ಬೆರಳು ಎಲ್ಲಿ?" ಎಂದು ಕೇಳುತ್ತೇನೆ. ಮೊನ್ನೆ ಹೊಸದಾಗಿ ಬಂದ ಟೀಚರೊಬ್ಬಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಒಳ್ಳೇದುಂಟು ಮೇಡಂ, ಇದು ನಿಮ್ಮದೇ ಉಪಾಯವಾ?" ಎಂದಳು.

"ಅಲ್ಲ, ನನ್ನ ಅತ್ತಿಗೆಯದ್ದು," ಎಂದೆ. ಇನ್ನೇನೂ ಸೇರಿಸಲಿಲ್ಲ. ಹೇಳುವಾಗ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಒಮ್ಮೆ ಎದ್ದಿತು.