ಕ್ಯಾಮೆರಾ ನಿಂತ ಜಾಗ

ಮಿಲಾಗ್ರೋಸ್ ತನ್ನ ಜೀವಮಾನದಲ್ಲಿ ಒಬ್ಬರನ್ನೂ ಹೊಡೆದವಳಲ್ಲ. ಮನಿಲಾದ ಎಂಬತ್ತೆರಡು ಸಿನಿಮಾಗಳಲ್ಲಿ ಅವಳು ನಾಯಕಿಯರ ಕೆನ್ನೆಗೆ ಬಾರಿಸಿದ್ದಳು, ಸೊಸೆಯರ ಜುಟ್ಟು ಹಿಡಿದು ಎಳೆದಾಡಿದ್ದಳು, ಒಮ್ಮೆ ಒಬ್ಬ ಕುರುಡಿಯನ್ನು ಮಹಡಿಯ ಮೆಟ್ಟಿಲಿಂದ ತಳ್ಳಿದ್ದಳು. ಹದಿನೇಳನೆಯ ವಯಸ್ಸಿಗೆ ಸ್ಟುಡಿಯೋ ಬಾಗಿಲಿಗೆ ಹೋದಾಗ ಅವಳಿಗಿದ್ದ ಆಸೆ ಚಿಕ್ಕದು. ನಾಯಕಿಯ ಗೆಳತಿಯ ಪಾತ್ರ ಸಿಕ್ಕರೆ ಸಾಕಿತ್ತು. ನಿರ್ದೇಶಕ ಅವಳ ಹುಬ್ಬು ನೋಡಿ ನಕ್ಕುಬಿಟ್ಟ.

"ಈ ಹುಬ್ಬು ಇಟ್ಕೊಂಡು ನೀನು ಅತ್ರೆ ಯಾರ ಕರುಳು ಚುರುಕ್ ಅನ್ನುತ್ತೆ ತಾಯಿ? ಬೇರೆಯವರನ್ನ ಅಳಿಸು. ಅನ್ನಕ್ಕೆ ದಾರಿ ಆಗುತ್ತೆ."

ಹೊಡೆಯುವ ವಿದ್ಯೆ ಕಲಿಸಿದವನು ಹಲ್ಲಿಲ್ಲದ ಒಬ್ಬ ಸ್ಟಂಟ್ ಮಾಸ್ಟರ್. ಅಂಗೈ ಕೆನ್ನೆಗೆ ತಾಗದೆ ಒಂದು ಗೇಣು ದೂರದಲ್ಲೇ ಬೀಸಿ ಹೋಗಬೇಕು. ಹೊಡೆಸಿಕೊಳ್ಳುವವಳು ಅದೇ ಗಳಿಗೆಗೆ ಕತ್ತು ಹೊರಳಿಸಿ, ಹೊಟ್ಟೆಯ ಹತ್ತಿರ ತನ್ನೆರಡು ಕೈಗಳನ್ನು ಚಟ್ ಎಂದು ತಟ್ಟಬೇಕು. ಕ್ಯಾಮೆರಾ ಮಾತ್ರ ಹೊಡೆಸಿಕೊಳ್ಳುವವಳ ಬೆನ್ನ ಹಿಂದೆಯೇ ಇರಬೇಕು. ಪಕ್ಕದಲ್ಲಿ ನಿಂತವರಿಗೆ ಗುಟ್ಟೆಲ್ಲ ಬಯಲು.

"ಕ್ಯಾಮೆರಾಗೆ ಇರೋದು ಒಂದೇ ಕಣ್ಣು ಮಗಳೇ. ಅದಕ್ಕೇ ನಮ್ಮ ಹೊಟ್ಟೆ ತುಂಬ್ತಾ ಇದೆ," ಅನ್ನುತ್ತಿದ್ದ ಮಾಸ್ಟರ್.

ಎಲ್ಲರೂ ಮಿಲಾ ಎಂದು ಕರೆಯುತ್ತಿದ್ದ ಮಿಲಾಗ್ರೋಸ್ ಎಷ್ಟು ಚೆನ್ನಾಗಿ ಕಲಿತಳೆಂದರೆ ಮನಿಲಾದ ಸಂತೆಯಲ್ಲಿ ಅವಳಿಗೆ ಮೀನು ಕೊಡುವವರಿರಲಿಲ್ಲ. ಒಬ್ಬಾಕೆಯಂತೂ ಮೀನು ತೊಳೆದ ನೀರನ್ನು ಅವಳ ಕಾಲ ಮೇಲೆ ಸುರಿದು, "ಆ ಕುರುಡಿ ನಿನಗೇನು ಮಾಡಿದ್ದಳೇ?" ಎಂದು ಕೇಳಿದಳು. ಸಿನಿಮಾ ಮಂದಿ ಇದನ್ನು ಪ್ರಶಸ್ತಿ ಅಂದುಕೋ ಎಂದರು. ಅವಳೂ ನಕ್ಕಳು. ಆದರೆ ದಿನಾ ಬೆಳಿಗ್ಗೆ ಇಗರ್ಜಿಗೆ ಹೋಗುತ್ತಿದ್ದ ತಾಯಿ, ಮಗಳು ಹೊಲಿಗೆ ಕೆಲಸದಲ್ಲಿದ್ದಾಳೆಂದು ನೆರೆಯವರಿಗೆ ಹೇಳಿಕೊಂಡು ಬಂದಿದ್ದಳು.

"ದೇವರ ಕಣ್ಣಿಗೆ ನೀನು ಹೇಗೆ ಕಾಣ್ತೀಯೋ," ಎಂದು ಒಂದು ದಿನ ತಾಯಿ ಅತ್ತಾಗ ಮಿಲಾ ಅಂದಿದ್ದಳು: "ಅವನು ಪಕ್ಕದಲ್ಲಿ ನಿಂತು ನೋಡ್ತಾನಮ್ಮ. ಅವನಿಗೆ ಗೊತ್ತಾಗುತ್ತೆ."

ವಯಸ್ಸು ಏರಿ ಪಾತ್ರಗಳು ಇಳಿದಾಗ, ಹಡಗಿನ ಎಂಜಿನಿಯರ್ ಲೆನ್ನಾರ್ಟ್ ಎಂಬ ಸ್ವೀಡನ್ನಿನವನನ್ನು ಮದುವೆಯಾಗಿ ಅವಳು ಅವನ ಊರು ಸೊಲ್ಲೆಂಟುನಾಕ್ಕೆ ಬಂದಳು. ಅದು ತೊಂಬತ್ತೆಂಟನೆಯ ಇಸವಿ. ಬಂದ ವಾರವೇ ಮೀನಿನಂಗಡಿಗೆ ಹೋದಳು. ಅಂಗಡಿಯವನು ಅವಳ ಮುಖ ನೋಡಿ, ಸುಮ್ಮನೆ ನಕ್ಕು, ಒಳ್ಳೆಯ ತುಂಡು ಆರಿಸಿ ಕಾಗದದಲ್ಲಿ ಸುತ್ತಿ ಕೊಟ್ಟ. ಆ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ದಾರಿಯುದ್ದಕ್ಕೂ ಅತ್ತಳು. ತನ್ನನ್ನು ಯಾರೂ ದ್ವೇಷಿಸದ ಊರೊಂದು ಭೂಮಿಯ ಮೇಲಿದೆಯೆಂದು ಅವಳಿಗೆ ಅಂದೇ ತಿಳಿದದ್ದು.

ಆರು ವರ್ಷಕ್ಕೆ ಲೆನ್ನಾರ್ಟ್ ಎದೆನೋವಿನಿಂದ ಹೋದ. ಮಕ್ಕಳಿರಲಿಲ್ಲ. ಕಚೇರಿಗಳ ಕಕ್ಕಸು ತೊಳೆದು ಎರಡು ವರ್ಷ ಕಳೆದ ಮೇಲೆ ಅವಳಿಗೆ ಒಂದು ದಾಗಿಸ್‌ನಲ್ಲಿ, ಅಂದರೆ ಅಲ್ಲಿಯ ಶಿಶುವಿಹಾರದಲ್ಲಿ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ತಂದೆತಾಯಿಯರೇ ಸೇರಿ ನಡೆಸುವ ಪುಟ್ಟ ದಾಗಿಸ್ ಅದು. ಸರದಿಯ ಮೇಲೆ ಅವರೇ ನೆಲ ಒರೆಸುತ್ತಿದ್ದರು, ಸರದಿಯ ಮೇಲೆ ಅವರಲ್ಲೇ ಐವರು ಕೂತು ಎಲ್ಲ ತೀರ್ಮಾನ ಮಾಡುತ್ತಿದ್ದರು. ಮಿಲಾ ಇನ್ನೂ ಬದಲಿ ಕೆಲಸದವಳು. ಎರಡು ಸಾವಿರದ ಎಂಟರ ಅಕ್ಟೋಬರಿನಲ್ಲಿ ಅವಳನ್ನು ಖಾಯಂ ಮಾಡುವ ಮಾತು ಬಂತು. ಐವತ್ತನಾಲ್ಕು ವಯಸ್ಸಿನ ಹೆಂಗಸಿಗೆ ಮತ್ತೆ ಕಕ್ಕಸಿನ ಬಕೆಟ್ ಹಿಡಿಯದೆ, ಮಡಿಲಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮುದುಕಿಯಾಗುವ ದಾರಿ ಅದೊಂದೇ ಇತ್ತು. ರಾತ್ರಿ ಜಪಸರ ಹಿಡಿದಾಗ ಬೇರೇನನ್ನೂ ಅವಳು ಬೇಡುತ್ತಿರಲಿಲ್ಲ.

ಆ ಮಕ್ಕಳಲ್ಲಿ ಅನ್ಯಾ ಎಂಬ ಐದು ವರ್ಷದ ಹುಡುಗಿ ಇದ್ದಳು. ತಂದೆ ಸುದರ್ಶನ್‌ಗೆ ಹತ್ತಿರದ ಶಿಸ್ತಾ ಎಂಬಲ್ಲಿ ಸಾಫ್ಟ್‌ವೇರ್ ಕೆಲಸ. ತಾಯಿ ವೈದೇಹಿ ಆ ವರ್ಷ ಐವರಲ್ಲಿ ಒಬ್ಬಳು. ಬೆಂಗಳೂರಿನವರು. ವೈದೇಹಿ ಶುಕ್ರವಾರ ದೇವರಿಗೆ ಮಾಡಿದ ಚಿತ್ರಾನ್ನವನ್ನು ಡಬ್ಬಿಯಲ್ಲಿ ತಂದು, "ಮಿಲಾ ಆಂಟಿ, ಇವತ್ತು ಖಾರ ಕಮ್ಮಿ ಹಾಕಿದೀನಿ, ಪ್ರಾಮಿಸ್," ಅನ್ನುವಳು. ಅವರ ಮಾತು ಇಂಗ್ಲಿಷಿನಲ್ಲಿ. ಅನ್ಯಾ ಮಾತ್ರ ಅಮ್ಮನ ಕನ್ನಡಕ್ಕೂ ಮಿಲಾಳ ಇಂಗ್ಲಿಷಿಗೂ ಸ್ವೀಡಿಷಿನಲ್ಲೇ ಉತ್ತರ ಕೊಡುತ್ತಿದ್ದಳು.

ಒಂದು ಮಳೆಯ ದಿನ ಮಕ್ಕಳು ಒಳಗೇ ರಾಜ ರಾಣಿ ಆಟ ಹೂಡಿದರು. ಕೆಟ್ಟ ರಾಣಿಯಾಗಲು ಯಾರೂ ಒಪ್ಪಲಿಲ್ಲ. ಮಿಲಾ ನಿಧಾನವಾಗಿ ಒಂದು ಹುಬ್ಬು ಮೇಲಕ್ಕೆತ್ತಿದಳು. ಮಕ್ಕಳು ಖುಷಿಯಿಂದ ಕಿರುಚಿಕೊಂಡು ಮೇಜಿನ ಕೆಳಗೆ ತೂರಿದರು. ಅಂದಿನಿಂದ ದಿನಾ ಅದೇ ಆಟ. ಗೇಣು ದೂರದ ಏಟನ್ನೂ ಹೊಟ್ಟೆಯ ಹತ್ತಿರದ ಚಪ್ಪಾಳೆಯನ್ನೂ ಅನ್ಯಾ ಎಲ್ಲರಿಗಿಂತ ಬೇಗ ಕಲಿತಳು.

ಒಂದು ಸಂಜೆ ಮಕ್ಕಳನ್ನು ಕರೆದೊಯ್ಯುವ ಹೊತ್ತು. ಅನ್ಯಾ ಗಾಜಿನ ಬಾಗಿಲಿಗೆ ಬೆನ್ನು ಹಾಕಿ ನಿಂತು ಕೆನ್ನೆ ಒಡ್ಡಿದಳು. ಮಿಲಾಳ ಕೈ ಬೀಸಿತು, ಸದ್ದು ಸರಿಯಾಗಿ ಬಂತು, ಪುಟ್ಟ ಕತ್ತು ಹೊರಳಿತು. ಬಾಗಿಲ ಆಚೆ, ಕ್ಯಾಮೆರಾ ಇರಬೇಕಾದ ಜಾಗದಲ್ಲೇ, ದಾಗಿಸ್‌ನ ಅವಳಿ ಮಕ್ಕಳ ತಾಯಿ, ಐವರಲ್ಲಿ ಇನ್ನೊಬ್ಬಳಾದ ಹೆಲೆನಾ ನಿಂತಿದ್ದಳು. ಇಪ್ಪತ್ತೇಳು ವರ್ಷ ಕ್ಯಾಮೆರಾ ಎಲ್ಲಿದೆಯೆಂದು ನೋಡದೆ ಕೈ ಎತ್ತದವಳು ಅಂದು ನೋಡಿರಲಿಲ್ಲ.

ಮಗುವಿನ ಮೇಲೆ ಕೈ ಎತ್ತುವುದು ಆ ದೇಶದಲ್ಲಿ ಅಪರಾಧ. ಹೆಲೆನಾ ಕೂಗಾಡಲಿಲ್ಲ, ಐವರ ಸಭೆ ಕರೆಸಿದಳು. ಮಿಲಾ ಅಷ್ಟೊಂದು ಹೆದರಲಿಲ್ಲ. ಮರುದಿನ ಬೆಳಿಗ್ಗೆಯೇ ಅನ್ಯಾ ಅವಳಿಗೆ ವರದಿ ಒಪ್ಪಿಸಿದ್ದಳು: ಅಡುಗೆಮನೆಯಲ್ಲಿ ಅಮ್ಮನಿಗೆ ಏಟಿನ ಆಟ ತೋರಿಸಿಯಾಯಿತು, ಅಮ್ಮ ಮೊದಲು ಕಿರುಚಿದಳು, ಆಮೇಲೆ ನಕ್ಕಳು, ಕೊನೆಗೆ ಅಪ್ಪನಿಗೂ ಹಾಗೇ ಹೊಡೆದಳು. ವೈದೇಹಿ ಬಾಗಿಲಲ್ಲಿ ಮಗಳ ಬೂಟು ಬಿಚ್ಚುತ್ತಾ ಅಂದಳು:

"ಟೆನ್ಷನ್ ಮಾಡ್ಕೋಬೇಡಿ ಆಂಟಿ. ನಾನಿರ್ತೀನಲ್ಲ ಮೀಟಿಂಗಲ್ಲಿ. ಹೇಳ್ತೀನಿ."

ಸಭೆ ಎರಡು ದಿನದ ಮೇಲೆ, ಮಕ್ಕಳೂಟದ ಕೋಣೆಯಲ್ಲೇ. ಕಾಫಿ, ದಾಲ್ಚಿನ್ನಿ ಬನ್ನು ಇಟ್ಟಿದ್ದರು. ಐವರೂ ಮೇಜಿನ ಒಂದೇ ಕಡೆ ಕೂತಿದ್ದರು. ಅಧ್ಯಕ್ಷ ಯೋಹಾನ್ ಬಹಳ ಮೆತ್ತಗೆ ಮಾತಾಡಿದ.

"ನಿಮ್ಮ ಮೇಲೆ ಯಾರೂ ಅಪವಾದ ಹೊರಿಸ್ತಾ ಇಲ್ಲ ಮಿಲಾ. ಏನಾಯ್ತು ಅಂತ ತಿಳ್ಕೊಳ್ಳೋಣ ಅಂತ."

"ಹೇಳೋದಕ್ಕಿಂತ ತೋರಿಸ್ತೀನಿ," ಎಂದಳು ಮಿಲಾ. "ವೈದೇಹಿ, ಬಾಮ್ಮ. ಮನೇಲಿ ಅನ್ಯಾ ತೋರಿಸಿದಳಲ್ಲ, ಹಾಗೇ ನಿಂತ್ಕೋ."

ವೈದೇಹಿ ಬನ್ನಿನ ಮೇಲಿನ ಸಕ್ಕರೆ ಹರಳುಗಳನ್ನು ಬೆರಳಲ್ಲಿ ಒಂದೊಂದಾಗಿ ಉದುರಿಸುತ್ತಿದ್ದಳು. ತಲೆ ಎತ್ತದೆ ಸ್ವೀಡಿಷಿನಲ್ಲಿ ಹೇಳಿದಳು: "ಅನ್ಯಾ ಮನೇಲಿ ಏನೂ ತೋರಿಸಿಲ್ಲ. ನಂಗೆ ಗೊತ್ತಿಲ್ಲ."

ಮಿಲಾ ಮೂಲೆಯಲ್ಲಿದ್ದ ಕೋಟು ನೇತುಹಾಕುವ ಕಂಬವನ್ನು ಎಳೆದು ತಂದು ಮೇಜಿಗೂ ತನಗೂ ನಡುವೆ ನಿಲ್ಲಿಸಿದಳು. ಬಲಗೈ ಬೀಸಿ, ಎಡಗೈಯಿಂದ ತನ್ನ ತೊಡೆಗೆ ತಟ್ಟಿದಳು. ಸದ್ದಿಗೆ ಹೆಲೆನಾಳ ಕಾಫಿ ಚೆಲ್ಲಿತು.

"ನೋಡಿದ್ರಾ? ತಾಗಲೇ ಇಲ್ಲ. ಅಲ್ಲಿ ಕೂತ್ರೆ ಗೊತ್ತಾಗಲ್ಲ. ಒಬ್ಬರಾದ್ರೂ ಎದ್ದು ಈ ಪಕ್ಕಕ್ಕೆ ಬಂದು ನಿಂತ್ಕೊಳ್ಳಿ. ಇನ್ನೊಂದು ಸಲ ಮಾಡ್ತೀನಿ."

ಯಾರೂ ಏಳಲಿಲ್ಲ. ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲ. ಹೆಲೆನಾ ಕಾಗದದ ಕರವಸ್ತ್ರದಿಂದ ಕಾಫಿ ಒರೆಸಿದಳು, ಯೋಹಾನ್ ಏನನ್ನೋ ಬರೆದುಕೊಂಡ. ಮಿಲಾ ಎತ್ತಿದ ಕೈ ಇಳಿಸಿ, ಕಂಬವನ್ನು ಮತ್ತೆ ಮೂಲೆಗೆ ಎಳೆದುಕೊಂಡು ಹೋಗಿ ಇಟ್ಟಳು.

ಪೊಲೀಸರವರೆಗೆ ಹೋಗುವುದು ಬೇಡವೆಂದು ಅವರು ದೊಡ್ಡ ಮನಸ್ಸು ಮಾಡಿದರು. ಕೆಲಸ ಮುಂದುವರಿಸುವುದಿಲ್ಲವೆಂಬ ಕಾಗದ ಮರುವಾರ ಬಂತು. ಕೊನೆಯಲ್ಲಿ ಬೆಚ್ಚಗಿನ ಶುಭಾಶಯಗಳೂ ಇದ್ದವು.

ಫೆಬ್ರವರಿಯ ಒಂದು ಸಂಜೆ, ಕಚೇರಿಗಳನ್ನು ಗುಡಿಸಲು ಹೊರಟ ಮಿಲಾ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ವೈದೇಹಿ ಮಗಳೊಂದಿಗೆ ಎದುರಾದಳು. ತಪ್ಪಿಸಿಕೊಳ್ಳುವಷ್ಟು ಜಾಗ ಇರಲಿಲ್ಲ.

"ಆಂಟಿ, ನಾನೇ ಮನೆಗೆ ಬರ್ಬೇಕು ಅಂತಿದ್ದೆ," ಎಂದಳು ವೈದೇಹಿ. "ನಮ್ಮ ಪರ್ಮನೆಂಟ್ ರೆಸಿಡೆನ್ಸ್ ಪರ್ಮಿಟ್ ಅರ್ಜಿ ಆಗ ಮೈಗ್ರೇಷನ್ ಆಫೀಸಲ್ಲಿತ್ತು. ಅನ್ಯಾ ಹೆಸರು ಇಂಥದ್ರಲ್ಲಿ ಬಂದ್ರೆ ಸೋಶಿಯಲ್ ಸರ್ವೀಸ್‌ನವರು ಮನೆಗೆ ಬರ್ತಾರೆ, ಫೈಲ್ ಓಪನ್ ಮಾಡ್ತಾರೆ, ಮಗೂನೇ ಕರ್ಕೊಂಡು ಹೋಗ್ಬಹುದು ಅಂತ ಇವ್ರು ಹೇಳಿದ್ರು. ದಿನಾ ದೀಪ ಹಚ್ಚುವಾಗ ನಿಮ್ಮನ್ನ ನೆನೆಸ್ಕೊಳ್ತೀನಿ ಆಂಟಿ, ನಿಜವಾಗ್ಲೂ."

"ಪರ್ಮಿಟ್ ಬಂತಾ?"

"ಹ್ಞೂಂ. ಕ್ರಿಸ್‌ಮಸ್‌ಗೆ ಮುಂಚೆ."

"ಒಳ್ಳೇದಾಯ್ತು," ಎಂದಳು ಮಿಲಾ. "ಎಂಬತ್ತೆರಡು ಪಿಕ್ಚರ್‌ನಲ್ಲಿ ಕೆಟ್ಟವಳಾದೆ ಕಣಮ್ಮ. ಒಂದ್ರಲ್ಲೂ ಸುಮ್‌ಸುಮ್ನೆ ಕೆಟ್ಟವಳಾಗಿರಲಿಲ್ಲ. ಪ್ರತಿ ಸಲ ಒಂದು ಕಾರಣ ಬರೆದು ಕೊಡ್ತಿದ್ರು. ಗಂಡ, ಮಗು, ಮನೆ. ಬಾಯಿಪಾಠ ಮಾಡ್ಕೊಂಡು ಹೇಳ್ತಿದ್ದೆ."

ವೈದೇಹಿಯ ಮುಖ ಕೆಂಪೇರಿತು. "ಆಂಟಿ, ಹಾಗನ್ಬೇಡಿ."

"ಒಂದು ಕೇಳ್ತೀನಿ, ಹೇಳು. ಅವತ್ತು ನೀನು ಕೂತಿದ್ದಲ್ಲಿಂದ ನನ್ನ ಏಟು ಹೇಗಿತ್ತು?"

ವೈದೇಹಿ ಹಳಿಗಳ ಕಡೆ ತಿರುಗಿದಳು. "ನಿಜ ಅನ್ನಿಸ್ತು," ಎಂದಳು.

ಮಿಲಾ ತಲೆಯಾಡಿಸಿದಳು.

ದೊಡ್ಡವರ ಮಾತು ಮುಗಿಯಿತೆಂದು ತಿಳಿದ ಅನ್ಯಾ ಮುಂದೆ ಬಂದು, ಟೋಪಿ ಹಿಂದಕ್ಕೆ ತಳ್ಳಿ ಕೆನ್ನೆ ಒಡ್ಡಿ ನಿಂತಳು. ಉಣ್ಣೆಯ ಕೈಗವಸು ತೊಟ್ಟ ಅವಳ ಎರಡು ಕೈಗಳು ಹೊಟ್ಟೆಯ ಹತ್ತಿರ ಸಜ್ಜಾಗಿದ್ದವು. ರೈಲು ಬಂದು ನಿಲ್ಲುವವರೆಗೂ ಅವಳು ಹಾಗೇ ಕಾದಳು. ಮಿಲಾ ಕೋಟಿನ ಜೇಬಿನಿಂದ ಕೈ ತೆಗೆಯಲಿಲ್ಲ.